ಮಾತು ತಡೆದರೆ ತಡೆಯಲಿ

ಉಗ್ಗು ಹೋದ ಮೇಲೆ ಬಾಯಿ ತೆರೆಯೋಣ ಎಂದು ಕಾಯುತ್ತ ಅರ್ಧ ಆಯುಷ್ಯ ಕಳೆದವರಿದ್ದಾರೆ. ಉಗ್ಗುತ್ತಲೇ ಮಾತಿಗಿಳಿದವರೂ ಇದ್ದಾರೆ. ಇಬ್ಬರ ನಡುವಿನ ಅಂತರ ನಾಲಿಗೆಗೆ ಸಂಬಂಧಿಸಿದ್ದಲ್ಲ. ಅಕ್ಟೋಬರ್ 22 ಉಗ್ಗುವಿಕೆಯ ಅಂತರರಾಷ್ಟ್ರೀಯ ಜಾಗೃತಿ ದಿನ.

ಮೆಜೆಸ್ಟಿಕ್ ಬಿಟ್ಟ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ಒಂದೊಂದೇ ಸೀಟು ದಾಟಿ ಟಿಕೆಟ್ ಕೊಡುತ್ತ ಬರುತ್ತಿದ್ದಾರೆ. ಕಿಟಕಿ ಪಕ್ಕದ ಯುವಕ ಆಗಲೇ ಚಿಲ್ಲರೆ ಎಣಿಸಿ ಮುಷ್ಟಿಯಲ್ಲಿ ಹಿಡಿದಿದ್ದಾನೆ. ಇಳಿಯಬೇಕಾದ್ದು ಬನಶಂಕರಿಯಲ್ಲಿ. ಆ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಾನೆ. ಮನಸ್ಸಿನಲ್ಲಿ ಅದು ಒಂದು ಸಲವೂ ತಡೆಯಲಿಲ್ಲ.

‘ಎಲ್ಲಿಗೆ ಸಾರ್?’

‘ಬ’ ಎನ್ನಬೇಕಾದರೆ ಎರಡೂ ತುಟಿ ಕೂಡಬೇಕು. ಕೂಡಿದ ತುಟಿ ಬಿಚ್ಚಿಕೊಳ್ಳಲಿಲ್ಲ. ಕತ್ತಿನ ನರ ಉಬ್ಬಿತು, ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡಿತು. ಮುಂದಿನ ಸೀಟಿನ ಹುಡುಗಿ ತಿರುಗಿ ನೋಡಿದಳು.

‘ಬೇಗ ಹೇಳಿ ಸಾರ್, ಹಿಂದೆ ಜನ ಇದಾರೆ.’

‘ಜಯನಗರ’ ಎಂದ. ಸಲೀಸಾಗಿ, ಒಂದೇ ಉಸಿರಿಗೆ. ಜಯನಗರದಲ್ಲೇ ಇಳಿದ. ಅಲ್ಲಿಂದ ಬನಶಂಕರಿವರೆಗೆ ಬಿಸಿಲಲ್ಲಿ ನಡೆದ.

ಕಾಲೇಜಿನ ದಿನಗಳುದ್ದಕ್ಕೂ ಹೀಗೇ ಓಡಾಡಿದ ಆ ಯುವಕ ಇವತ್ತು ನನ್ನ ಆಪ್ತ ಸ್ನೇಹಿತ, ಸಾಫ್ಟ್‌ವೇರ್ ಎಂಜಿನಿಯರ್. ಆಗ ಅವನ ಸಹಪಾಠಿಗಳಿಗೆ ಅವನಿಗೆ ಉಗ್ಗಿದೆ ಎಂಬುದೇ ಗೊತ್ತಿರಲಿಲ್ಲ. ‘ಮಿತಭಾಷಿ’ ಎಂದುಕೊಂಡಿದ್ದರು. ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುವ ಆಸೆಯಿದ್ದರೂ ಇಡ್ಲಿ ಹೇಳುತ್ತಿದ್ದ. ‘ಮ’ ಹೊರಡುತ್ತಿರಲಿಲ್ಲ, ‘ಇ’ ಹೊರಡುತ್ತಿತ್ತು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ‘ಗೊತ್ತಿಲ್ಲ ಸಾರ್’ ಎನ್ನುತ್ತಿದ್ದ. ಫೋನ್ ಬಂದರೆ ಎತ್ತದೆ, ಆಮೇಲೆ ಮೆಸೇಜ್ ಹಾಕುತ್ತಿದ್ದ.

ಉಗ್ಗುವವರ ಬದುಕಿನಲ್ಲಿ ಇದು ದಿನನಿತ್ಯದ ಲೆಕ್ಕಾಚಾರ. ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಯಾವ ಪದ ಕೈಕೊಡುತ್ತದೆ ಎಂದು ಗೊತ್ತಾಗಿಬಿಡುತ್ತದೆ. ತಕ್ಷಣ ಬದಲಿ ಪದ ಹುಡುಕಬೇಕು. ‘ಅಪ್ಪ’ ಬಾರದಿದ್ದರೆ ‘ನಮ್ಮ ತಂದೆ’, ‘ಬುಧವಾರ’ ಬಾರದಿದ್ದರೆ ‘ನಾಳಿದ್ದು’. ಹೀಗೆ ಬದಲಿ ಹಾಕಲಾಗದ ಪದ ಒಂದೇ, ಅದು ಅವರವರ ಹೆಸರು. ಎಷ್ಟೋ ಜನರ ಮಾತು ಅತಿ ಹೆಚ್ಚು ಸಿಕ್ಕಿಕೊಳ್ಳುವುದು ಅಲ್ಲೇ. ‘ನಿನ್ನ ಹೆಸರೇನು’ ಎಂದು ಯಾರಾದರೂ ಕೇಳಿದಾಗ ಇವರು ತಡವರಿಸಿದರೆ, ‘ಹೆಸರೂ ಮರೆತುಹೋಯ್ತಾ?’ ಎಂಬ ನಗು ಸಿದ್ಧವಾಗಿರುತ್ತದೆ. ಆ ಒಂದು ನಗುವಿಗೆ ಹೆದರಿ ನಾಮಕರಣಕ್ಕೆ, ಮದುವೆಗೆ ಹೋಗುವುದನ್ನೇ ಬಿಟ್ಟವರುಂಟು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಸ್ವತಃ ಉಗ್ಗುತ್ತಿದ್ದವರು. ಉಗ್ಗು ನೀರ್ಗಲ್ಲ ಬೆಟ್ಟದಂತೆ ಎಂದವರು ಅವರೇ. ನಮ್ಮ ಕಿವಿಗೆ ಬೀಳುವ ತಡವರಿಕೆ ನೀರಿನ ಮೇಲಿನ ತುದಿ. ಭಯ, ನಾಚಿಕೆ, ತಪ್ಪಿಸಿಕೊಳ್ಳುವ ಉಪಾಯ, ನನ್ನಿಂದಾಗದು ಎಂಬ ತೀರ್ಮಾನ, ಇವೆಲ್ಲ ನೀರಿನಡಿ ಇರುವ ಗಾತ್ರ. ನನ್ನ ಸ್ನೇಹಿತನಿಗೆ ನೀರಿನ ಮೇಲೆ ಕಾಣುವುದು ಹೆಚ್ಚೇನೂ ಇರಲಿಲ್ಲ. ಇದ್ದದ್ದು ಬಹುಪಾಲು ಕೆಳಗೇ.

ನಾಲಿಗೆಯ ಮೇಲೆ ಹೊರಿಸಿದ ಅಪರಾಧ

ಉಗ್ಗಿಗೆ ನಾಲಿಗೆ ಕಾರಣ ಎಂಬ ನಂಬಿಕೆ ಬಹಳ ಹಳೆಯದು. ನಮ್ಮ ಹಳ್ಳಿಗಳಲ್ಲಿ ಬಜೆ ತೇಯ್ದು ಮಗುವಿನ ನಾಲಿಗೆಗೆ ತಿಕ್ಕುತ್ತಾರೆ. ಗ್ರೀಸಿನ ವಾಗ್ಮಿ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಭಾಷಣ ಅಭ್ಯಾಸ ಮಾಡಿದ ಕಥೆಯನ್ನು ಇಂದಿಗೂ ಹೇಳುತ್ತಾರೆ. ಇವೆರಡೂ ಸೌಮ್ಯ ಮಾರ್ಗಗಳು. 1841ರಲ್ಲಿ ಬರ್ಲಿನ್ನಿನ ಹೆಸರಾಂತ ಶಸ್ತ್ರವೈದ್ಯ ಯೋಹಾನ್ ಡೀಫೆನ್‌ಬಾಖ್ ಉಗ್ಗುವವರ ನಾಲಿಗೆಯ ಬುಡದಲ್ಲಿ ಒಂದು ತುಂಡನ್ನೇ ಕತ್ತರಿಸಿ ತೆಗೆಯಲು ಶುರುಮಾಡಿದ. ಈಥರ್ ಅರಿವಳಿಕೆ ಬಳಕೆಗೆ ಬರಲು ಇನ್ನೂ ಐದು ವರ್ಷವಿತ್ತು. ಎಚ್ಚರವಿರುವಾಗಲೇ ನಾಲಿಗೆ ಕೊಯ್ಯಿಸಿಕೊಳ್ಳಲು ಜನ ಒಪ್ಪುತ್ತಿದ್ದರು ಎಂದರೆ ಉಗ್ಗು ತರುವ ಅವಮಾನ ಎಷ್ಟಿತ್ತು ಎಂದು ಊಹಿಸಬಹುದು.

ನಾಲಿಗೆಯದೇನೂ ತಪ್ಪಿಲ್ಲ. ಉಗ್ಗುವ ವ್ಯಕ್ತಿ ಹಾಡುವಾಗ ಉಗ್ಗುವುದಿಲ್ಲ. ಗುಂಪಿನಲ್ಲಿ ದನಿಗೂಡಿಸಿ ಪ್ರಾರ್ಥನೆ ಹೇಳುವಾಗ ಉಗ್ಗುವುದಿಲ್ಲ. ಮನೆಯ ನಾಯಿಯ ಜೊತೆ, ತೊಟ್ಟಿಲ ಮಗುವಿನ ಜೊತೆ ಮಾತಾಡುವಾಗ ಬಹುತೇಕ ಉಗ್ಗುವುದಿಲ್ಲ. ಅದೇ ನಾಲಿಗೆ, ಅದೇ ತುಟಿ. ಮಾತನ್ನು ಹೊತ್ತುಹೊತ್ತಿಗೆ ಸಜ್ಜುಗೊಳಿಸಿ ಕಳಿಸುವ ಮಿದುಳಿನ ಜಾಲದಲ್ಲಿ ಸಣ್ಣದೊಂದು ವ್ಯತ್ಯಾಸವಿದೆ ಎಂಬುದು ಇವತ್ತಿನ ತಿಳಿವಳಿಕೆ. ಉಗ್ಗು ಕುಟುಂಬಗಳಲ್ಲಿ ಹರಿದು ಬರುತ್ತದೆ. 2010ರಲ್ಲಿ ಅಮೆರಿಕದ ವಿಜ್ಞಾನಿ ಡೆನಿಸ್ ಡ್ರೇನಾ ಅವರ ತಂಡ ಪಾಕಿಸ್ತಾನದ ಕುಟುಂಬಗಳಿಂದ ಆರಂಭಿಸಿದ ಅಧ್ಯಯನದಲ್ಲಿ ಉಗ್ಗಿಗೆ ನಂಟಿರುವ ಜೀನ್‌ಗಳನ್ನು ಗುರುತಿಸಿತು. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ. ಉಗ್ಗಿನಿಂದ ಹೆದರಿಕೆ ಹುಟ್ಟುತ್ತದೆ, ಆ ಹೆದರಿಕೆ ಉಗ್ಗನ್ನು ಇನ್ನಷ್ಟು ಬಿಗಿ ಮಾಡುತ್ತದೆ. ‘ಹೆದರ್ಕೋಬೇಡ, ಧೈರ್ಯವಾಗಿ ಹೇಳು’ ಎಂಬ ಒಳ್ಳೆಯ ಮನಸ್ಸಿನ ಮಾತು ಕೆಲಸ ಮಾಡದಿರುವುದು ಇದಕ್ಕೇ.

ಬಾಕ್ಸ್: ಉಗ್ಗಿನ ಲೆಕ್ಕ
*ಸುಮಾರು ನೂರರಲ್ಲಿ ಐದು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ. ಸಾಮಾನ್ಯವಾಗಿ ಶುರುವಾಗುವುದು 2ರಿಂದ 5 ವರ್ಷದೊಳಗೆ, ಮಗು ವಾಕ್ಯ ಕಟ್ಟಲು ಕಲಿಯುವ ಹೊತ್ತಿನಲ್ಲಿ. ನಾಲ್ವರಲ್ಲಿ ಮೂವರಿಗೆ ಹೆಚ್ಚುಕಡಿಮೆ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು ಸುಮಾರು ಶೇ 1ರಷ್ಟು. ಆ ಲೆಕ್ಕದಲ್ಲಿ ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನ. ಹೆಣ್ಣುಮಕ್ಕಳು ಹೆಚ್ಚಾಗಿ ಚೇತರಿಸಿಕೊಳ್ಳುವುದರಿಂದ ದೊಡ್ಡವರಲ್ಲಿ ಒಬ್ಬ ಮಹಿಳೆಗೆ ನಾಲ್ವರು ಪುರುಷರ ಅನುಪಾತ ಕಾಣುತ್ತದೆ. ಜಾಗೃತಿ ದಿನದ ಆಚರಣೆ ಆರಂಭವಾದದ್ದು 1998ರಲ್ಲಿ.*

ಅನಾಥಾಲಯದ ಮಕ್ಕಳು

1939ರಲ್ಲಿ ಅಮೆರಿಕದ ಅಯೋವಾದಲ್ಲಿ ನಡೆದ ಒಂದು ಪ್ರಯೋಗವನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸಿದಂತಾಗುತ್ತದೆ. ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಮಾತಿನ ತೊಂದರೆಗಳ ಅಧ್ಯಯನದಲ್ಲಿ ದೊಡ್ಡ ಹೆಸರು. ಅವರೂ ಉಗ್ಗುತ್ತಿದ್ದವರೇ. ಎಲ್ಲ ಮಕ್ಕಳೂ ಚಿಕ್ಕಂದಿನಲ್ಲಿ ತಡವರಿಸುತ್ತಾರೆ, ಅದನ್ನು ಹೆತ್ತವರು ‘ಉಗ್ಗು’ ಎಂದು ಗುರುತಿಸಿ ತಿದ್ದಲು ಹೊರಟಾಗಲೇ ನಿಜವಾದ ಉಗ್ಗು ಹುಟ್ಟುತ್ತದೆ ಎಂಬುದು ಅವರ ವಾದ. ಇದನ್ನು ಪರೀಕ್ಷಿಸಲು ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಡ್ಯಾವೆನ್‌ಪೋರ್ಟ್‌ನ ಅನಾಥಾಲಯದಿಂದ 22 ಮಕ್ಕಳನ್ನು ಆರಿಸಿಕೊಂಡರು. ಸರಾಗವಾಗಿ ಮಾತಾಡುತ್ತಿದ್ದ ಆರು ಮಕ್ಕಳಿಗೆ, ನಿಮಗೆ ಉಗ್ಗು ಶುರುವಾಗುತ್ತಿದೆ, ಸರಿಯಾಗಿ ಮಾತಾಡಲು ಬಾರದಿದ್ದರೆ ಬಾಯೇ ತೆರೆಯಬೇಡಿ ಎಂಬ ಅರ್ಥದ ಮಾತನ್ನು ತಿಂಗಳುಗಟ್ಟಲೆ ಹೇಳಲಾಯಿತು.

ಆ ಮಕ್ಕಳು ಉಗ್ಗುವವರಾಗಲಿಲ್ಲ. ಆದರೆ ಮಾತು ಬಿಟ್ಟರು. ತರಗತಿಯಲ್ಲಿ ಉತ್ತರ ಹೇಳುವುದನ್ನು ನಿಲ್ಲಿಸಿದರು, ಜನ ಕಂಡರೆ ಮುದುಡಿದರು. 2001ರಲ್ಲಿ ಪತ್ರಿಕೆಯೊಂದು ಈ ಕಥೆಯನ್ನು ಹೊರಗೆಳೆದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ಸರ್ಕಾರ ಬಾಧಿತರಿಗೆ ಒಟ್ಟು 9,25,000 ಡಾಲರ್ ಪರಿಹಾರ ಕೊಡಲು ಒಪ್ಪಿತು. ಅಷ್ಟರಲ್ಲಿ ಅವರಲ್ಲಿ ಬದುಕಿದ್ದವರು ಮುದುಕರಾಗಿದ್ದರು.

ಜಾನ್ಸನ್ ಸಿದ್ಧಾಂತ ನಿಲ್ಲಲಿಲ್ಲ; ಹೆತ್ತವರ ನಡವಳಿಕೆಯಿಂದ ಉಗ್ಗು ಹುಟ್ಟುವುದಿಲ್ಲ ಎಂದು ಈಗ ಗೊತ್ತಿದೆ. ಯಾವ ಅಮ್ಮನೂ ಆ ಹೊರೆ ಹೊರಬೇಕಾಗಿಲ್ಲ. ಆದರೂ ಆ ಪ್ರಯೋಗ ಬೇರೊಂದನ್ನು ತೋರಿಸಿಕೊಟ್ಟಿತು. ಮಗುವನ್ನು ಮೂಕವಾಗಿಸಲು ಉಗ್ಗು ಬೇಕಾಗಿಲ್ಲ. ನಿನ್ನ ಮಾತು ಸರಿಯಿಲ್ಲ ಎಂದು ದಿನಾ ಹೇಳಿದರೆ ಸಾಕು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಪ್ರಯೋಗ ಎನ್ನುವುದಿಲ್ಲ. ‘ನಿಧಾನಕ್ಕೆ ಹೇಳು’, ‘ಮೊದಲಿಂದ ಹೇಳು’, ‘ಉಸಿರು ತಗೊಂಡು ಹೇಳು’ ಎನ್ನುತ್ತೇವೆ. ಬಂದ ನೆಂಟರೆದುರು ‘ಇವನಿಗೆ ಸ್ವಲ್ಪ ಮಾತು ಹಿಡಿಯುತ್ತೆ’ ಎಂದು ಅವನ ಪರವಾಗಿ ನಾವೇ ಉತ್ತರ ಹೇಳಿಬಿಡುತ್ತೇವೆ. ಶಾಲೆಯಲ್ಲಿ ‘ಉಗ್ಗ’ ಎಂಬುದು ಅಡ್ಡಹೆಸರು. ಕಂಪನಿ ನಾಟಕದಿಂದ ಸಿನಿಮಾವರೆಗೆ, ಟಿವಿಯ ಹಾಸ್ಯ ಕಾರ್ಯಕ್ರಮದವರೆಗೆ, ಜನರನ್ನು ನಗಿಸಲು ಒಂದು ಉಗ್ಗುವ ಪಾತ್ರ ಇಟ್ಟರಾಯಿತು. ಆ ದೃಶ್ಯ ಬಂದಾಗ ಥಿಯೇಟರಿನ ಕತ್ತಲಲ್ಲಿ ನೂರರಲ್ಲಿ ಒಬ್ಬ ಮುಖ ತಗ್ಗಿಸಿರುತ್ತಾನೆ.

ದಣಿದ ಮುದುಕ ಕಲಿಸಿದ ಪಾಠ

ಅಮೆರಿಕದ ಮಿಶಿಗನ್ನಿನ ವಾಕ್ ಚಿಕಿತ್ಸಾ ತಜ್ಞ ಚಾರ್ಲ್ಸ್ ವ್ಯಾನ್ ರೈಪರ್ (1905–1994) ಯುವಕನಾಗಿದ್ದಾಗ ಉಗ್ಗು ಎಷ್ಟು ತೀವ್ರವಾಗಿತ್ತೆಂದರೆ, ಹೊಲದ ಕೆಲಸಕ್ಕೆ ಸೇರುವಾಗ ಕಿವುಡ ಮೂಗನಂತೆ ನಟಿಸಿದ್ದರು. ಮುಂದೆ ಅವರೇ ಒಂದು ಪ್ರಸಂಗ ಬರೆದರು. ರಸ್ತೆ ಬದಿ ನಿಂತು ಡ್ರಾಪ್ ಕೇಳಿದಾಗ ಒಬ್ಬ ವೃದ್ಧ ಹತ್ತಿಸಿಕೊಂಡ. ವ್ಯಾನ್ ರೈಪರ್ ಮಾತಿಗಾಗಿ ಒದ್ದಾಡುವುದನ್ನು ಕಂಡು ಆತ ನಕ್ಕ. ಸಿಟ್ಟು ಬಂತು. ಆಮೇಲೆ ತಿಳಿಯಿತು, ಆ ಮುದುಕನೂ ಉಗ್ಗುವವನೇ. ಒಂದು ಕಾಲದಲ್ಲಿ ತಾನೂ ಹೀಗೇ ಒದ್ದಾಡುತ್ತಿದ್ದೆ, ಈಗ ವಯಸ್ಸಾಯಿತು, ನನ್ನೊಂದಿಗೆ ನಾನೇ ಗುದ್ದಾಡುವಷ್ಟು ಕಸುವಿಲ್ಲ, ಮಾತು ಹೇಗೆ ಸೋರಿಕೊಂಡು ಬರುತ್ತದೋ ಹಾಗೆ ಬರಲಿ ಎಂದು ಬಿಟ್ಟಿದ್ದೇನೆ ಎಂದನಂತೆ.

ವ್ಯಾನ್ ರೈಪರ್ ಅಲ್ಲಿಯವರೆಗೆ ಹುಡುಕುತ್ತಿದ್ದದ್ದು ಉಗ್ಗದಂತೆ ಮಾತಾಡುವ ದಾರಿ. ಅಂದಿನಿಂದ ಹುಡುಕಿದ್ದು ಒದ್ದಾಡದೆ ಉಗ್ಗುವ ದಾರಿ. ಆಧುನಿಕ ವಾಕ್ ಚಿಕಿತ್ಸೆಯ ಒಂದು ದೊಡ್ಡ ಕವಲು ಅಲ್ಲಿಂದ ಹೊರಟಿತು. ಅದರಲ್ಲಿ ಹೊಸಬರಿಗೆ ವಿಚಿತ್ರವೆನಿಸುವ ಒಂದು ಅಭ್ಯಾಸವಿದೆ, ಬೇಕೆಂದೇ ಉಗ್ಗುವುದು. ತರಕಾರಿ ಅಂಗಡಿಗೆ ಹೋಗಿ, ಸಲೀಸಾಗಿ ಬರುವ ಪದದ ಮೇಲೂ ಎದುರಿನವರ ಕಣ್ಣನ್ನೇ ನೋಡುತ್ತ ‘ಕೊ-ಕೊ-ಕೊತ್ತಂಬರಿ’ ಎನ್ನಬೇಕು. ಅಂಗಡಿಯವರು ಕೊತ್ತಂಬರಿ ಕೊಡುತ್ತಾರೆ, ಚಿಲ್ಲರೆ ಕೊಡುತ್ತಾರೆ. ಇಷ್ಟು ವರ್ಷ ಹೆದರಿ ಮುಚ್ಚಿಟ್ಟದ್ದು ಬೀದಿಗೆ ಬಿತ್ತು, ಆಕಾಶವೇನೂ ಕಳಚಿ ಬೀಳಲಿಲ್ಲ. ಇದನ್ನು ಮತ್ತೆ ಮತ್ತೆ ಮಾಡುವಾಗ ಮುಚ್ಚಿಡುವ ತವಕ ಸಡಿಲವಾಗುತ್ತದೆ. ಎಷ್ಟೋ ಜನರಲ್ಲಿ ಅದರ ಜೊತೆ ಉಗ್ಗಿನ ಬಿಗಿಯೂ ಇಳಿಯುತ್ತದೆ.

ಬ್ರಿಟನ್ನಿನ ದೊರೆ ಆರನೇ ಜಾರ್ಜ್ ಕಥೆಯನ್ನು ‘ದಿ ಕಿಂಗ್ಸ್ ಸ್ಪೀಚ್’ ಸಿನಿಮಾದಿಂದಾಗಿ ಎಲ್ಲರೂ ಬಲ್ಲರು. ಪಟ್ಟಕ್ಕೆ ಬರುವ ಮುಂಚೆ, 1925ರ ಅಕ್ಟೋಬರ್ 31ರಂದು ವೆಂಬ್ಲಿಯಲ್ಲಿ ಮಾಡಿದ ಭಾಷಣ ಅವರಿಗೂ ಕೇಳಿದವರಿಗೂ ಯಾತನೆಯಾಯಿತು. ಮರುವರ್ಷ ಲಯನೆಲ್ ಲೋಗ್ ಎಂಬ ಆಸ್ಟ್ರೇಲಿಯಾದವರ ಬಳಿ ಅಭ್ಯಾಸಕ್ಕೆ ಹೋದರು. ಲೋಗ್ ವೈದ್ಯರಲ್ಲ. 1939ರ ಸೆಪ್ಟೆಂಬರ್ 3ರ ಯುದ್ಧಕಾಲದ ರೇಡಿಯೊ ಭಾಷಣದಲ್ಲಿ ರಾಜರ ಮಾತಿನ ನಡುವಿನ ನಿಲುಗಡೆಗಳು ಇಂದಿಗೂ ಕೇಳಿಸುತ್ತವೆ. ಅವರ ಉಗ್ಗು ಹೋಗಲಿಲ್ಲ, ಉಗ್ಗಿನ ಜೊತೆಗೇ ಮೈಕಿನ ಮುಂದೆ ನಿಂತರು. ರಾಜರ ಭಾಷಣಗಳನ್ನು ರೇಡಿಯೊದಲ್ಲಿ ಕೇಳಿ ಬೆಳೆದ ಉಗ್ಗುವ ಹುಡುಗರಲ್ಲಿ ಡೇವಿಡ್ ಸೀಡ್ಲರ್ ಒಬ್ಬ. ಮುಂದೆ ಈ ಕಥೆಯನ್ನೇ ಚಿತ್ರಕಥೆ ಮಾಡಲು ಹೊರಟಾಗ, ನನ್ನ ಜೀವಿತ ಕಾಲದಲ್ಲಿ ಬೇಡ ಎಂದು ರಾಜರ ಪತ್ನಿ, ರಾಜಮಾತೆ ಕೇಳಿಕೊಂಡರು. ಸೀಡ್ಲರ್ ಕಾದರು. ಆಕೆ ತೀರಿಕೊಂಡದ್ದು 2002ರಲ್ಲಿ, 101ನೇ ವಯಸ್ಸಿನಲ್ಲಿ. 2011ರಲ್ಲಿ ಆಸ್ಕರ್ ವೇದಿಕೆ ಏರಿದಾಗ ಸೀಡ್ಲರ್‌ಗೆ 73. ಜಗತ್ತಿನ ಎಲ್ಲ ಉಗ್ಗುವವರ ಪರವಾಗಿ ಪ್ರಶಸ್ತಿಯನ್ನು ಸ್ವೀಕರಿಸಿದರು.

ಮೈಸೂರಿನ ಬಾಗಿಲು

ಚಿಕಿತ್ಸೆಗೆ ನಾವು ಲಂಡನ್ನಿಗೆ ಹೋಗುವ ಅಗತ್ಯವಿಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ‘ಆಯಿಷ್’, 1965ರಿಂದ ಮೈಸೂರಿನಲ್ಲಿದೆ. ಕನ್ನಡ ರಂಗಭೂಮಿಯನ್ನು ಬಲ್ಲವರಿಗೆ ಇನ್ನೊಂದು ನಂಟೂ ನೆನಪಾಗುತ್ತದೆ. ನಾಟಕಕಾರ ನ. ರತ್ನ ಈ ಸಂಸ್ಥೆಯ ನಿರ್ದೇಶಕರಾಗಿದ್ದವರು. ಮಾತು ತಡೆಯುವ ಮಕ್ಕಳನ್ನು ಕರೆದುಕೊಂಡು ರಾಜ್ಯದ ಮೂಲೆ ಮೂಲೆಗಳಿಂದ, ಹೊರರಾಜ್ಯಗಳಿಂದ ಹೆತ್ತವರು ಇಲ್ಲಿಗೆ ಬರುತ್ತಾರೆ.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಉಗ್ಗನ್ನು ಒಪ್ಪಿಕೊಳ್ಳುವುದೆಂದರೆ ಚಿಕಿತ್ಸೆ ಬೇಡವೆಂದಲ್ಲ. ನಾಲ್ಕು ವರ್ಷದ ಮಗು ಉಗ್ಗುತ್ತಿದ್ದರೆ, ಅದರಲ್ಲೂ ಮನೆತನದಲ್ಲಿ ಉಗ್ಗು ಇದ್ದು ತಿಂಗಳುಗಳು ಕಳೆದರೂ ಕಡಿಮೆಯಾಗದಿದ್ದರೆ, ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’ ಎಂದು ಕೂರಬಾರದು. ಶಾಲೆಗೆ ಸೇರುವ ಮುಂಚಿನ ವಯಸ್ಸಿನಲ್ಲಿ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್‌ಕೂಂಬ್ ಪದ್ಧತಿಯಲ್ಲಿ ಹೆತ್ತವರೇ ಮನೆಯಲ್ಲಿ, ಆಟದ ನಡುವೆ, ತಜ್ಞರ ಮಾರ್ಗದರ್ಶನದಂತೆ ಮಗುವಿನ ಸರಾಗ ಮಾತನ್ನು ಮೆಚ್ಚಿ ಬೆಳೆಸುತ್ತಾರೆ.

ದೊಡ್ಡವರ ಕಥೆ ಬೇರೆ. ಅವರಿಗೂ ಮಾತನ್ನು ಎಳೆದು ಮೆದುವಾಗಿ ಆಡುವ, ಸಿಕ್ಕಿಕೊಂಡ ಪದದಿಂದ ಹಗುರವಾಗಿ ಹೊರಬರುವ ವಿಧಾನಗಳನ್ನು ಕಲಿಸುತ್ತಾರೆ, ಅವು ನೆರವಾಗುತ್ತವೆ. ಆದರೆ ‘ಹತ್ತು ದಿನದಲ್ಲಿ ಉಗ್ಗು ಮಾಯ’ ಎಂಬ ಜಾಹೀರಾತಿಗೆ ಹಣ ಸುರಿದು, ಶಿಬಿರದಲ್ಲಿ ಸರಾಗವಾಗಿ ಮಾತಾಡಿ, ಊರಿಗೆ ಬಂದ ತಿಂಗಳೊಳಗೆ ಮತ್ತೆ ಉಗ್ಗಿ, ತಪ್ಪು ನನ್ನದೇ ಎಂದು ಕುಸಿದವರನ್ನು ಕಂಡಿದ್ದೇನೆ. ನನ್ನ ಸ್ನೇಹಿತ ಅಂಥ ಮೂರು ಬಾಗಿಲು ತಟ್ಟಿ ಬಂದವನು. ಗುಣಪಡಿಸುತ್ತೇವೆಂಬ ಭರವಸೆಯೇ ಇಲ್ಲಿ ಗಾಯ ಮಾಡುತ್ತದೆ. ಪ್ರತಿ ಸಲ ಉಗ್ಗಿದಾಗಲೂ ಅವನಿಗೆ ಅದು ಸೋಲು.

ಅವನ ದಿಕ್ಕು ಬದಲಾದದ್ದು ಬೆಂಗಳೂರಿನ ಸ್ವಸಹಾಯ ಗುಂಪೊಂದರಲ್ಲಿ. 2008ರಲ್ಲಿ ಶುರುವಾದ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್, ಚಿಕ್ಕದಾಗಿ ‘ಟಿಸಾ’, ಇಂಥ ಗುಂಪುಗಳನ್ನು ದೇಶದ ಹಲವು ನಗರಗಳಲ್ಲಿ ಬೆಳೆಸಿದೆ. ವಾರಾಂತ್ಯದಲ್ಲಿ ಉಗ್ಗುವವರು ಸೇರುತ್ತಾರೆ. ಯಾರೂ ಯಾರ ವಾಕ್ಯವನ್ನೂ ಮುಗಿಸಿಕೊಡುವುದಿಲ್ಲ. ಮೊದಲ ದಿನ ಅವನ ಸರದಿ ಬಂದಾಗ ಹೆಸರು ಹೇಳಲು ಹೊರಟ, ತುಟಿ ಬಿಗಿಯಿತು. ಸುತ್ತ ಕೂತವರು ಸುಮ್ಮನೆ ನೋಡುತ್ತಿದ್ದರು. ಯಾರೂ ಕೆಮ್ಮಲಿಲ್ಲ, ಮೊಬೈಲಿಗೆ ಕಣ್ಣು ಹಾಕಲಿಲ್ಲ. ಹೆಸರು ಹೊರಬರುವ ಹೊತ್ತಿಗೆ ಬೆನ್ನು ಬೆವತಿತ್ತು. ‘ಯಾರೂ ಅಯ್ಯೋ ಅನ್ನಲಿಲ್ಲ ಕಣೋ, ಮುಂದಿನವನ ಹತ್ತಿರ ಹೋದರು ಅಷ್ಟೇ’ ಎಂದು ಅವತ್ತು ರಾತ್ರಿ ಫೋನ್ ಮಾಡಿ ಹೇಳಿದ. ಮೆಸೇಜ್ ಹಾಕಲಿಲ್ಲ, ಫೋನೇ ಮಾಡಿದ.

ಈಗ ಆಫೀಸಿನ ಹೊಸ ತಂಡದೊಂದಿಗೆ ಮೀಟಿಂಗ್ ಇದ್ದರೆ ಅವನ ಮೊದಲ ವಾಕ್ಯವೇ ‘ನನಗೆ ಉಗ್ಗು ಇದೆ, ಕೆಲವು ಪದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ’ ಎಂಬುದು. ಗುಟ್ಟು ತಾನೇ ಬಿಟ್ಟುಕೊಟ್ಟ ಮೇಲೆ ಕಾಯಬೇಕಾದ್ದೇನೂ ಉಳಿಯಲಿಲ್ಲ. ಇವತ್ತಿಗೂ ಉಗ್ಗುತ್ತಾನೆ, ಹಿಂದಿಗಿಂತ ಜಾಸ್ತಿಯೇ ಎಂದು ಅವನ ಅಮ್ಮ ಹೇಳುತ್ತಾರೆ. ನಿಜ. ಮೊದಲು ನುಂಗಿಕೊಳ್ಳುತ್ತಿದ್ದ ಮಾತುಗಳನ್ನೆಲ್ಲ ಈಗ ಆಡುತ್ತಿದ್ದಾನಲ್ಲ! ಇದನ್ನು ಬೆಳವಣಿಗೆ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಒಂದು ಆತಂಕವಿದೆ. ತಪ್ಪಿಸಿಕೊಳ್ಳುವುದು ಈ ಕಾಲದಲ್ಲಿ ಬಹಳ ಸುಲಭವಾಗಿದೆ. ಊಟ ಆ್ಯಪಿನಲ್ಲಿ, ಆಟೊ ಆ್ಯಪಿನಲ್ಲಿ, ಹಣ ಕ್ಯೂಆರ್ ಕೋಡಿನಲ್ಲಿ. ಇಡೀ ದಿನ ಒಂದು ಪದ ಆಡದೆ ಬೆಂಗಳೂರಿನಲ್ಲಿ ಬದುಕಬಹುದು. ಉಗ್ಗುವ ಹದಿಹರೆಯದವನಿಗೆ ಇದು ಆರಾಮ, ಆದರೆ ಇಂಥ ಆರಾಮದಲ್ಲಿ ಭಯ ಹಾಗೇ ಕೂತು ಬಲಿಯುತ್ತದೆ. ಕ್ಯಾಂಪಸ್ ಸಂದರ್ಶನದಲ್ಲಿ ‘ನಿಮ್ಮ ಪರಿಚಯ ಹೇಳಿ’ ಎಂದಾಗ ಯಾವ ಆ್ಯಪೂ ಜೊತೆಗಿರುವುದಿಲ್ಲ.

ಬಾಕ್ಸ್: ಕೇಳುವವರಿಗೆ
*ವಾಕ್ಯ ಮುಗಿಯುವವರೆಗೆ ಕಾಯಿರಿ. ಪದ ಊಹಿಸಿ ಪೂರ್ತಿ ಮಾಡಬೇಡಿ, ಸರಿಯಾಗಿ ಊಹಿಸಿದ್ದರೂ. ಕಣ್ಣು ತಪ್ಪಿಸಬೇಡಿ. ‘ನಿಧಾನ’, ‘ಗಾಬರಿ ಬೇಡ’ ಎನ್ನಬೇಡಿ. ಫೋನಿನಲ್ಲಿ ಮೌನ ಕೇಳಿಸಿದರೆ ತಕ್ಷಣ ಇಡಬೇಡಿ, ಆ ಕಡೆ ಯಾರೋ ‘ಹಲೋ’ ಎನ್ನಲು ಹೆಣಗುತ್ತಿರಬಹುದು. ಮಗುವಿನ ಜೊತೆ ನೀವೇ ತುಸು ನಿಧಾನವಾಗಿ ಮಾತಾಡಿ. ಹೇಗೆ ಹೇಳಿತು ಎಂಬುದಕ್ಕಲ್ಲ, ಏನು ಹೇಳಿತು ಎಂಬುದಕ್ಕೆ ಉತ್ತರಿಸಿ.*

ಉಗ್ಗುವವರು ತಮ್ಮನ್ನು ಒಪ್ಪಿಕೊಳ್ಳಲಿ ಎಂದು ಉಪದೇಶಿಸುವುದು ಸುಲಭ. ಐದು ನಿಮಿಷದ ವೈವಾದಲ್ಲಿ ಎರಡು ನಿಮಿಷ ಒಂದೇ ಪದಕ್ಕೆ ಹೋದ ವಿದ್ಯಾರ್ಥಿನಿಗೆ ಪರೀಕ್ಷಕರು ‘ಸಾಕು, ಕೂತ್ಕೋ’ ಎಂದರೆ, ಅವಳು ತನ್ನನ್ನು ಎಷ್ಟು ಒಪ್ಪಿಕೊಂಡಿದ್ದರೂ ಅಂಕ ಹೋಗುತ್ತದೆ. ಕೆಲಸದ ಸಂದರ್ಶನದಲ್ಲಿ ‘ಕಮ್ಯುನಿಕೇಷನ್ ಸ್ಕಿಲ್’ ಎಂಬ ಕಾಲಂ ಎದುರು ಸೊನ್ನೆ ಬೀಳುತ್ತದೆ. ಅರಳು ಹುರಿದಂತೆ ಮಾತಾಡುವವರನ್ನು ಜಾಣರೆಂದು ಭಾವಿಸಿ ಅಭ್ಯಾಸವಾದ ಸಮಾಜ ನಮ್ಮದು. ಒಬ್ಬ ವ್ಯಕ್ತಿ ತನ್ನೊಳಗೆ ವರ್ಷಗಟ್ಟಲೆ ಹೋರಾಡಿ ಗಳಿಸಿದ್ದನ್ನು ಎದುರಿನವರ ಅವಸರ ಒಂದು ಕ್ಷಣದಲ್ಲಿ ಕಿತ್ತುಕೊಳ್ಳಬಾರದು.

ಆಗಬೇಕಾದ್ದು ದೊಡ್ಡದೇನಲ್ಲ. ಉಗ್ಗು ಇದೆ ಎಂದು ಮೊದಲೇ ತಿಳಿಸಿದ ವಿದ್ಯಾರ್ಥಿಗೆ ಮೌಖಿಕ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡಬಹುದು. ಗಟ್ಟಿಯಾಗಿ ಪಾಠ ಓದಿಸುವಾಗ ಜೊತೆಗೊಬ್ಬ ಗೆಳೆಯನನ್ನು ಸೇರಿಸಿ ಇಬ್ಬರಿಂದಲೂ ಒಟ್ಟಿಗೆ ಓದಿಸಬಹುದು. ದನಿಗೂಡಿದರೆ ಉಗ್ಗು ಬಾರದು ಎಂಬುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಜರಿ ಕೂಗುವಾಗ ‘ಪ್ರೆಸೆಂಟ್’, ‘ಯೆಸ್’, ‘ಇದ್ದೀನಿ’ ಯಾವುದನ್ನಾದರೂ ಹೇಳಲಿ, ಬೇಕಿದ್ದರೆ ಕೈ ಎತ್ತಲಿ ಎಂದು ಇಡೀ ತರಗತಿಗೇ ಹೇಳಿಬಿಡಬಹುದು. ಆಗ ಒಬ್ಬನನ್ನೇ ಬೇರ್ಪಡಿಸಿದಂತಾಗುವುದಿಲ್ಲ. ಇದಕ್ಕೆ ಸುತ್ತೋಲೆ ಬರಬೇಕಿಲ್ಲ. ನಾಳೆಯ ಮೊದಲ ಪೀರಿಯಡ್‌ನಲ್ಲೇ ಶುರುಮಾಡಬಹುದು.